ಒಂದೇ ಹೆಸರಿನ ಇಬ್ಬರು ಅಭ್ಯರ್ಥಿಗಳು

ಅಕ್ಕಿಆಲೂರು

ಮಗಳೇ ವಿದ್ಯಾಶ್ರೀ,

ನೀನು ನನ್ನ ಫೋನು ಎತ್ತದೆ ಎರಡು ತಿಂಗಳಾಯಿತು. ಅದಕ್ಕೇ ಹೊಲಿಗೆ ಬದಿಗಿಟ್ಟು ಅಂಗಡಿಯಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಲೋಕಸಭೆ ಚುನಾವಣೆಗೆ ನಾನು ಪಕ್ಷೇತರನಾಗಿ ನಿಂತದ್ದರ ಅರ್ಧ ಸಂಗತಿ ಮಾತ್ರ ನಿನಗೆ ಗೊತ್ತು. ಒಂದು ಪಕ್ಷದ ಮುಖಂಡರು ಅಂಗಡಿಗೆ ಬಂದಿದ್ದರು. ಅವರ ಎದುರಾಳಿಯ ಹೆಸರೂ ನನ್ನ ಹಾಗೆ ಮೃತ್ಯುಂಜಯ. ಮತಯಂತ್ರದಲ್ಲಿ ಅದೇ ಹೆಸರು ಇನ್ನೊಂದಿದ್ದರೆ ಆ ಅಭ್ಯರ್ಥಿಯ ಒಂದಷ್ಟು ಮತ ತಪ್ಪಿ ನನಗೆ ಬೀಳುತ್ತವೆ, ನಾನು ಸುಮ್ಮನೆ ನಿಂತರೆ ಸಾಕು ಎಂದರು. ಹಿರೇಕೆರೂರಿನಲ್ಲಿ ಗುತ್ತಿಗೆಯ ಮೇಲಿರುವ ನಿನ್ನ ನರ್ಸ್ ನೌಕರಿಯನ್ನು ಕಾಯಂ ಮಾಡಿಸುವುದಾಗಿ ಮಾತು ಕೊಟ್ಟರು. ನಿನ್ನನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತೀ ಎಂದು ಗೊತ್ತಿತ್ತು. ನನ್ನ ನಾಮಪತ್ರಕ್ಕೆ ಸಹಿ ಹಾಕಿದ ಹತ್ತು ಸೂಚಕರನ್ನೂ ಅವರೇ ಕರೆತಂದರು. ಅವರಲ್ಲಿ ಒಬ್ಬರ ಪರಿಚಯವೂ ನನಗಿರಲಿಲ್ಲ.

ಸುದ್ದಿ ತಿಳಿದು ನೀನು ಬರುವಷ್ಟರಲ್ಲಿ ನಾಮಪತ್ರ ಹಿಂಪಡೆಯುವ ದಿನ ದಾಟಿತ್ತು. ನೀನು ಬಾಗಿಲಲ್ಲೇ ನಿಂತು, “ಅಪ್ಪಾ, ನನ್ನ ನೌಕರಿ ಸಲುವಾಗಿ ಮಂದಿಗೆ ಮೋಸ ಮಾಡಂತ ನಾ ಯಾವಾಗ ಹೇಳೇನಿ?” ಎಂದು ಕೇಳಿದೆ. ಒಳಗೂ ಬರದೆ ಮರಳಿ ಬಸ್ ಹತ್ತಿದೆ.

ಎರಡು ದಿನದ ಮೇಲೆ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಚಾಂದಬಿ ಕುಪ್ಪಸ ಒಯ್ಯಲು ಬಂದರು. “ನಿಮಗ ವೋಟ್ ಹಾಕ್ತೇನಿ, ಟೇಲರ್ ಅಣ್ಣಾ. ಗೆದ್ದ ಮ್ಯಾಲ ನಮಗೇನ್ ಮಾಡ್ತೀರಿ?” ಎಂದರು. ತಮಾಷೆಯಿರಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತಿದ್ದರು. ನನ್ನನ್ನು ಒಬ್ಬರಾದರೂ ನಿಜವಾದ ಅಭ್ಯರ್ಥಿ ಎಂದುಕೊಳ್ಳಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಅಂಗಡಿ ಮುಚ್ಚಿ ಹಾನಗಲ್ಲಿಗೆ ಹೋದೆ. ಆಮೇಲೆ ರಟ್ಟೀಹಳ್ಳಿ, ಹಿರೇಕೆರೂರು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಒಂದೇ ಮಾತು: “ನಾ ಆ ಮೃತ್ಯುಂಜಯ ಅಲ್ರಿ. ಅವರಿಗೆ ಹಾಕೋರು ಫೋಟೋ ನೋಡಿ ಬಟನ್ ಒತ್ರಿ.” ಕೆಲವರು ನಕ್ಕರು. ಹಾಗಿದ್ದರೆ ಯಾಕೆ ನಿಂತಿರಿ ಎಂದವರಿಗೆ ಇದ್ದದ್ದನ್ನೇ ಹೇಳಿದೆ. ನಿನ್ನ ಆಸ್ಪತ್ರೆಯ ಕಡೆ ಬರುವ ಧೈರ್ಯ ಮಾತ್ರ ಆಗಲಿಲ್ಲ. ಮುಖಂಡರು ಫೋನ್ ಮಾಡಿ, ಕಾಯಂ ಹಾಗಿರಲಿ, ಈಗಿನ ಗುತ್ತಿಗೆಯೂ ಉಳಿಯುವುದಿಲ್ಲ ಎಂದರು. ಒಂದು ದಿನ ಮನೆಯಲ್ಲೇ ಕುಳಿತೆ. ಮತ್ತೆ ಹೊರಟೆ.

ಆ ಮೃತ್ಯುಂಜಯ ಅವರು ಒಂಬೈನೂರು ಮತಗಳಿಂದ ಸೋತರು. ನನಗೆ ಬಿದ್ದದ್ದು ಎರಡು ಸಾವಿರದ ಮುನ್ನೂರು. ಅದರಲ್ಲಿ ಎಷ್ಟು ತಪ್ಪಿ ಬಿದ್ದವೋ ಇನ್ನು ಯಾರಿಗೂ ತಿಳಿಯುವುದಿಲ್ಲ.

ಮೊನ್ನೆ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು, “ಇಷ್ಟೆಲ್ಲಾ ನಿಮ್ಮ ಮಗಳಿಗೆ ಹೇಳೀರೇನು?” ಎಂದರು. ಇಲ್ಲ ಎಂದೆ. “ನನಗಿಂತ ಮೊದಲ ಆಕಿಗೆ ಹೇಳಬೇಕಿತ್ರಿ.”

ಈಗ ಹೇಳಿದ್ದೇನೆ. ನಿನ್ನ ಗುತ್ತಿಗೆ ಮುಂದುವರಿಯದಿದ್ದರೆ ಅದಕ್ಕೆ ಕಾರಣ ನಾನು, ನಿನ್ನ ಕೆಲಸದಲ್ಲಿ ಯಾವ ಕೊರತೆಯೂ ಇಲ್ಲ. ಯಾರ ಹಂಗೂ ಇಲ್ಲದ ನೌಕರಿ ನಿನಗೆ ಸಿಗಲಿ, ತಾಯಿ.

ನಿನ್ನ ಅಪ್ಪ,
ಟೇಲರ್ ಮೃತ್ಯುಂಜಯ