ನನ್ನ ಕೈಬರಹದ ಆ ಹಾಳೆ ನನಗೆ ವಾಪಸ್ಸು ಬೇಕು

ಪರದೇಶದಿಂದ ಬಂದ ಪತ್ರಕ್ಕೆ ಸರ್ಕಾರದ ಪರವಾಗಿ ಉತ್ತರ ಬರೆದು ಕಳಿಸಿದ ಅಧಿಕಾರಿಗಳೇ,

ಮಾನ್ಯರೇ, ನಿಮ್ಮ ಉತ್ತರಕ್ಕೆ ಲಗತ್ತಿಸಿದ ಒಂದು ಹಾಳೆ ಪೂರಾ ಸುಳ್ಳು. ನನಗೆ ಹೇಗೆ ಗೊತ್ತು ಎಂದರೆ, ಅದನ್ನು ಬರೆದವಳು ನಾನೇ. "ನಮ್ಮ ಶೆಡ್ಡಿನಲ್ಲಿ ಯಾರಿಗೂ ಯಾವ ತೊಂದರೆಯೂ ಇಲ್ಲ, ಸಂಘ ಬೇಕೆಂದು ನಾವು ಕೇಳಿಲ್ಲ, ಬಾನುಬೀ ಎಂಬುವಳು ವಂಚಿಸಿ ನಮ್ಮ ಸಹಿ ಹಾಕಿಸಿಕೊಂಡಿದ್ದಾಳೆ" ಎಂದು ದುಂಡಗೆ ಬರೆದು ಕೆಳಗೆ ಹೆಸರು ಹಾಕಿದ ಕೊಟ್ರಬಸಮ್ಮ ನಾನು. ಆ ಹಾಳೆ ನನಗೆ ವಾಪಸ್ಸು ಬೇಕು. ಇದನ್ನು ನಿಮ್ಮ ಕಚೇರಿಗೆ ಬಂದು ಕೇಳದೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಕಚೇರಿಗೆ ಕೊಟ್ಟ ಕಾಗದ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಈಗ ಗೊತ್ತಿದೆ.

ನಾನು ಕುರುಗೋಡಿನವಳು. ಅಲ್ಲಿಯ ಸಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಈಗ ಐವತ್ತು ವರ್ಷ. ಬಳ್ಳಾರಿಯಿಂದ ಮೋಕದ ಕಡೆ ಹೋಗುವ ದಾರಿಯಲ್ಲಿರುವ ಒಂದು ಜೀನ್ಸ್ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಹೊಲಿಯುತ್ತೇನೆ. ನಾನು ಜೇಬು ಹೊಲಿದು ಎಡಕ್ಕೆ ಸರಿಸಿದರೆ, ಪಕ್ಕದ ಮಿಷಿನ್ನಿನಲ್ಲಿ ಬಾನುಬೀ ಕಾಲಿನ ಹೊಲಿಗೆ ಹಾಕುತ್ತಿದ್ದಳು. ಪ್ರತಿ ಕಟ್ಟಿಗೂ ಹೊಲಿದವಳ ನಂಬರಿನ ಚೀಟಿ ಇರುತ್ತದೆ. ಹೊಲಿಗೆ ತಪ್ಪಿದ್ದರೆ ಆ ಕಟ್ಟು ತಿರುಗಿ ಅವಳ ಮುಂದೆಯೇ ಬಂದು ಬೀಳುತ್ತದೆ. ಅವಳೇ ಬಿಚ್ಚಬೇಕು, ಅವಳೇ ಮತ್ತೆ ಹೊಲಿಯಬೇಕು. ನಿಮ್ಮ ಕಾನೂನುಗಳಲ್ಲಿ ಇಷ್ಟು ನೇರವಾದದ್ದು ಒಂದಾದರೂ ಇದೆಯೇ, ಮಾನ್ಯರೇ?

ಬಾನುಬೀ ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದಳು. ಊಟದ ಬಿಡುವಿನಲ್ಲಿ, ಬಿಸಾಡಿದ ಜೀನ್ಸ್ ತುಂಡಿನ ಮೇಲೆ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ಅವಳಿಗೆ ಅವಳ ಹೆಸರು ಬರೆಯಲು ನಾನು ಕಲಿಸಿದೆ. ಒಂದು ತಿಂಗಳು ಹಿಡಿಯಿತು. ಬರೆಯಲು ಬಂದ ದಿನ ನನ್ನ ಹೆಸರನ್ನೂ ಬರೆಸಿ ನೋಡಿ ನಕ್ಕಳು. "ಯಕ್ಕಾ, ನಿನ್ನ ಹೆಸರು ಗೂಡ್ಸ್ ರೈಲು ಇದ್ದಂಗ ಐತಿ, ಮುಗಿಯಂಗೇ ಇಲ್ಲ. ನಂದು ನೋಡು, ಆಟೋ. ಎಲ್ಲಿ ಬೇಕಾದ್ರೂ ತಿರುಗತೈತಿ!"

ಸಂಘ ಬೇಕೆಂದು ನಮಗೆ ಅನ್ನಿಸಿದ್ದು ಯಾವ ಕ್ರಾಂತಿಗೂ ಅಲ್ಲ. ಒಂದು ಬೀಗದ ಕೈಗೆ. ಕಕ್ಕಸಿನ ಬೀಗದ ಕೈಯನ್ನು ಸೂಪರ್‌ವೈಸರ್ ಪ್ರಭುಲಿಂಗ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ. ಬಸುರಿ ಶೀಲಾ ಹೋಗಿ ಕೇಳಿದರೆ, "ಎರಡು ಸಲ ಆತಲ್ಲವಾ? ಮೂರನೇದಕ್ಕ ನಿಮ್ಮ ಮನಿಗೆ ಹೋಗಿ ಬಾ" ಎಂದ. ಅವಳು ಆ ಬಾಗಿಲ ಮುಂದೆ ನಿಂತು ಅತ್ತ ದಿನ ನಾವು ಏಳು ಹೆಂಗಸರು ಸಂಘದ ಅರ್ಜಿಗೆ ಸಹಿ ಮಾಡಿದೆವು. ಅರ್ಜಿ ಬರೆದದ್ದು ನಾನು. ಮೊದಲ ಸಹಿ ಬಾನುಬೀಯದು. ಜೀವನದಲ್ಲಿ ಅವಳು ಸರ್ಕಾರಿ ಕಾಗದದ ಮೇಲೆ ಬರೆದ ಮೊದಲ ಅಕ್ಷರ ಅದು.

ಅರ್ಜಿ ಕೊಟ್ಟದ್ದು ನಿಮ್ಮ ಕಾರ್ಮಿಕ ಇಲಾಖೆಯ ಕಚೇರಿಗೆ. ಮೂರನೆಯ ವಾರ ಶೆಡ್ಡಿನ ಗೇಟಿನಲ್ಲಿ ಪ್ರಭುಲಿಂಗ ಏಳು ಹೆಸರು ಓದಿ, ನಾಳೆಯಿಂದ ಬರಬೇಡಿ ಎಂದ. ನಾವು ಸಹಿ ಹಾಕಿದ್ದ ಕ್ರಮದಲ್ಲೇ ಓದಿದ. ಹಿಂದು ಮುಂದು ಮಾಡಿ ಓದುವಷ್ಟು ನಾಚಿಕೆಯೂ ಇರಲಿಲ್ಲ. ನಮ್ಮ ಅರ್ಜಿಗೆ ನಿಮ್ಮಿಂದ ಬಂದ ಉತ್ತರ ಅದೊಂದೇ.

ಬೆಂಗಳೂರಿನ ಒಂದು ಸಂಘದವರಿಗೆ ಬಾನುಬೀ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಅವರು ಹೊರದೇಶದ ಕಾರ್ಮಿಕ ಸಂಘಗಳಿಗೆ ತಿಳಿಸಿದರು. ಆ ಸಂಘಗಳು ಸರ್ಕಾರವನ್ನು ಕೇಳಿದವು: ಏಳು ಹೆಂಗಸರ ಅರ್ಜಿ ಏನಾಯಿತು? ಪ್ಯಾಂಟು ಕೊಳ್ಳುವ ಕಂಪನಿಯವರೂ ಕೇಳಿದರು. ಆಗ ನಿಮಗೆ ಸಿಟ್ಟು ಬಂತು. ನಮ್ಮ ಮನೆಯ ವಿಷಯದಲ್ಲಿ ಹೊರಗಿನವರು ತಲೆ ಹಾಕಬಾರದು ಎಂದಿರಿ.

ಇರಲಿ. ಆದರೆ ಒಂದು ಕೇಳುತ್ತೇನೆ. ನಾವು ಹೊಲಿಯುವ ಪ್ಯಾಂಟಿನ ಅಳತೆ ಹೊರಗಿನದು, ಗುಂಡಿಯ ಮೇಲಿನ ಹೆಸರು ಹೊರಗಿನದು, ಅದನ್ನು ತೊಡುವ ಸೊಂಟ ಹೊರಗಿನದು. ನಾನು ಕಾಣದ ಊರಿನ ಹೆಣ್ಣುಮಗಳ ತೊಡೆಯ ಸುತ್ತಳತೆ ನನಗೆ ಬಾಯಿಪಾಠ. ಇದೆಲ್ಲ ತಲೆ ಹಾಕಿದಂತಲ್ಲ. ಹೊಲಿದ ಕೈ ಹೇಗಿದೆ ಎಂದು ಆಕೆ ಒಂದು ಮಾತು ಕೇಳಿದರೆ ಮಾತ್ರ ದೇಶದ ಮಾನ ಹೋಗುತ್ತದೆಯೇ? ಆ ಕಂಪನಿಯವರೇನು ದೇವರಲ್ಲ ಎಂಬುದು ನನಗೂ ಗೊತ್ತು. ನಮ್ಮ ದರ ಕಡಿಮೆ ಮಾಡಿಸುವವರೂ ಅವರೇ. ಆದರೂ ಒಳಗಿನವರು ಎಷ್ಟು ಕೂಗಿದರೂ ಬಾಗಿಲು ತೆಗೆಯದ ಮನೆಗೆ ಓಣಿಯವರು ಬಂದು ಕದ ಬಡಿಯುತ್ತಾರೆ. ಬಡಿದವರ ಮೇಲೆ ಸಿಟ್ಟಾಗುವ ಮೊದಲು ಬಾಗಿಲು ತೆಗೆಯಬಹುದಿತ್ತಲ್ಲವೇ? ಆ ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದರೆ ಸಾಕಿತ್ತು. ಯಾವ ದೇಶಕ್ಕೂ ಸುದ್ದಿ ಹೋಗುತ್ತಿರಲಿಲ್ಲ.

ನೀವು ಬೇರೆ ದಾರಿ ಹಿಡಿದಿರಿ. ನಿಮ್ಮ ಕಡೆಯ ಒಬ್ಬರು ಶೆಡ್ಡಿಗೆ ಬಂದು ನನ್ನನ್ನು ಮನೆಯಿಂದ ಕರೆಸಿದರು. ಆಫೀಸು ಕೋಣೆಯಲ್ಲಿ ಕುರ್ಚಿ ಕೊಟ್ಟರು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. "ಆರ್ಡರ್ ನಿಂತರೆ ನಾನೂರು ಹೆಂಗಸರು ಬೀದಿಗೆ ಬೀಳುತ್ತಾರೆ, ಅಮ್ಮ. ಆ ಪಾಪ ನಿಮಗೆ ಬೇಕಾ? ನೀವು ಲಿಂಗ ಕಟ್ಟಿದವರು, ದಿನಾ ಪೂಜೆ ಮಾಡುವವರು. ನೀವು ಬರೆದರೆ ಯಾರೂ ಸುಳ್ಳು ಎನ್ನುವುದಿಲ್ಲ" ಎಂದರು. ಬಾನುಬೀಗೆ ಏನಾಗುತ್ತದೆ ಎಂದು ಕೇಳಿದೆ. "ಏನೂ ಆಗುವುದಿಲ್ಲ, ಇದು ಫೈಲಿಗೆ ಮಾತ್ರ" ಎಂದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮರುದಿನ ನನ್ನೊಬ್ಬಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಸುಳ್ಳು ಹೇಳದವಳು ಎಂಬ ಹೆಸರಿತ್ತಲ್ಲ, ಅದನ್ನೇ ಸುಳ್ಳಿಗೆ ಒತ್ತುವ ಮುದ್ರೆ ಮಾಡಿಕೊಂಡಿರಿ. ಮಾಡಿಕೊಳ್ಳಲು ನಾನು ಕೊಟ್ಟೆ.

ಆ ಹಾಳೆಯ ಒಂದು ಪ್ರತಿ ನಿಮ್ಮ ಉತ್ತರದ ಜೊತೆ ವಿಮಾನ ಹತ್ತಿತು. ಇನ್ನೊಂದು ಠಾಣೆಗೆ ಹೋಯಿತು. ಬಾನುಬೀಯ ಮೇಲೆ ವಂಚನೆಯ ಕೇಸಾಯಿತು. ಹನ್ನೊಂದು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದಳು. ಈಗ ಬಳ್ಳಾರಿಯಲ್ಲಿ ಯಾವ ಶೆಡ್ಡಿನವರೂ ಅವಳನ್ನು ಗೇಟಿನೊಳಗೆ ಬಿಡುವುದಿಲ್ಲ. ಸಿರುಗುಪ್ಪದಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ದೇಶನೂರಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೋಗುತ್ತಾಳೆ.

ಹೋದ ತಿಂಗಳು ನೋಡಲು ಹೋದೆ. ಹೊಸಿಲ ಹೊರಗೇ ನಿಂತೆ. "ಬಾ ಯಕ್ಕಾ, ಉಂಡ್ಯಾ?" ಎಂದಳು. ಬೈಯಲಿ ಎಂದು ಹೋದವಳು ನಾನು. ಬೈಯಲಿಲ್ಲ. ನೀರು ಕೊಟ್ಟು ಎದುರು ಕೂತಳು.

"ಠಾಣ್ಯಾಗ ಆ ಹಾಳಿ ತೋರ್ಸಿದ್ರು. ನನಗ ಅದ್ರಾಗ ಒಂದ ಶಬ್ದ ಓದಾಕ ಬಂತು. ನನ್ನ ಹೆಸರು. ನೀ ಬರದಿದ್ದು ಅಂತ ಅವ್ರು ಹೇಳೋ ಮೊದಲ ಗೊತ್ತಾತು. ಬೀ ಬರಿಯಾಗ ಬಾಲ ಉದ್ದ ಎಳಿತೀಯಲ್ಲ, ನನಗೂ ಹಂಗ ಕಲಿಸೀದಿ."

ನಾನು ನೀರಿನ ಲೋಟವನ್ನು ಕೆಳಗಿಟ್ಟೆ.

"ಒಂದ ಕೇಳ್ತೀನಿ, ಖರೇ ಹೇಳು. ನನ್ನ ಹೆಸರು ಬರಿಯಾಗ ಕೈ ನಡುಗಲಿಲ್ಲೇನು?"

ಇಲ್ಲ, ಮಾನ್ಯರೇ. ನಡುಗಿರಲಿಲ್ಲ. ದುಂಡಗೆ, ಚೆಂದಾಗಿ ಬರೆದಿದ್ದೆ. ಹಾಗೆಂದೇ ಹೇಳಿದೆ. ಅವಳು ತಲೆಯಾಡಿಸಿದಳು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕಂತೆ. "ಈಗ ಹೆಬ್ಬೆಟ್ಟ ಒತ್ತತೀನಿ ಯಕ್ಕಾ" ಎಂದಳು, "ಅಕ್ಷರ ಬ್ಯಾಡ ಅನಸ್ತು."

ಬಟ್ಟೆಯ ನೀಲಿ ನನ್ನ ಅಂಗೈಯಿಂದ ಎಂದೂ ಪೂರ್ತಿ ಹೋಗುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಉಳಿದಷ್ಟು ನೀಲಿಯ ಮೇಲೆಯೇ ಲಿಂಗವನ್ನಿಟ್ಟು ಪೂಜೆ ಮಾಡಿದ್ದೇನೆ. ದುಡಿದ ಕೈಯ ಬಣ್ಣ, ಶಿವ ಒಪ್ಪುತ್ತಾನೆ ಎಂಬ ನಂಬಿಕೆ. ಈಗ ಎಡ ಅಂಗೈಯಲ್ಲಿ ಲಿಂಗವಿದ್ದರೆ, ಹೂವೇರಿಸಬೇಕಾದ ಬಲಗೈ ಏಳುವುದಿಲ್ಲ. ಬರೆದದ್ದು ಆ ಕೈ. ಶೆಡ್ಡಿನಲ್ಲಿ ಅದೇ ಕೈ ಈಗಲೂ ಜೇಬು ಹೊಲಿದು ಎಡಕ್ಕೆ ಸರಿಸುತ್ತದೆ. ಅಲ್ಲಿ ಬೇರೆ ಯಾರೋ ಹುಡುಗಿ ಕೂತಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ. ನಾನು ಬರೆದದ್ದು ಸುಳ್ಳೆಂದು, ನಿಮ್ಮ ಉತ್ತರ ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಿಗೆಲ್ಲ ನೀವೇ ಬರೆಯಿರಿ. ಬಾನುಬೀಯ ಮೇಲಿನ ಕೇಸು ತೆಗೆಸಿ. ಏಳು ಜನರ ಅರ್ಜಿಯನ್ನು ದಾಖಲು ಮಾಡಿ. ಸುಳ್ಳು ಬರೆದದ್ದಕ್ಕೆ ಶಿಕ್ಷೆಯಿದ್ದರೆ ಅದನ್ನು ನನಗೆ ಕೊಡಿ, ಮಿಷಿನ್ನು ಬಿಟ್ಟು ಬರುತ್ತೇನೆ. ನಿಮ್ಮ ಉತ್ತರ ಓದಿ ಸಮಾಧಾನಗೊಂಡ ಹೊರದೇಶದವರು ಈ ಪತ್ರವನ್ನೂ ಯಾರಿಂದಲಾದರೂ ಓದಿಸಿಕೊಳ್ಳಲಿ, ಕೇಳುವುದನ್ನು ನಿಲ್ಲಿಸದಿರಲಿ.

ಮತ್ತೆ ಆ ಹಾಳೆ. ಅದರ ಮೇಲೆ ನನ್ನ ಹೆಸರಿದೆ. ತಪ್ಪಿದ ಹೊಲಿಗೆ ನನ್ನದು, ಬಿಚ್ಚಬೇಕಾದವಳೂ ನಾನೇ. ಅದು ಕೈಗೆ ಬಂದ ದಿನ ಸಿರುಗುಪ್ಪದ ಬಸ್ಸು ಹತ್ತುತ್ತೇನೆ. ಹಾಳೆಯನ್ನು ಬಾನುಬೀಯ ಎದುರು ಹರಿದು, ಒಂದು ತುಂಡು ಸೀಮೆಸುಣ್ಣವನ್ನು ಅವಳ ಮುಂದಿಡುತ್ತೇನೆ. ಮುಟ್ಟುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಇಂತಿ,
ಈ ಸಲ ಯಾರೂ ಹೇಳಿ ಬರೆಸದೆ, ಕೈ ನಡುಗುತ್ತಲೇ ಬರೆದ
ಕೊಟ್ರಬಸಮ್ಮ
ಜೇಬು ಹೊಲಿಯುವವಳು, ಬಳ್ಳಾರಿ