ಸೇತುವೆಯ ಬಳಿ ಉಳಿದ ಕಂದೀಲಿನವಳು

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಮೋಡದಮ್ಮನಿಗೆ,

ನಿನ್ನ ಅತ್ತೆ ಬರೆಯುತ್ತಿರುವುದು. ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಗಾಳಿ ಯಾವ ದಿಕ್ಕಿನಿಂದ ಬೀಸಿತು, ಒತ್ತಡ ಎಷ್ಟು ಇಳಿಯಿತು ಎಂದು ಎರಡು ಪುಟ ಬರೆದು ಕೊನೆಗೆ ‘ನಾನು ಕ್ಷೇಮ’ ಎಂದು ಒಂದೇ ಸಾಲು ಗೀಚುತ್ತೀಯ. ಆ ದ್ವೀಪದ ಹವೆ ಕಟ್ಟಿಕೊಂಡು ನಾನೇನು ಮಾಡಲಿ? ನಾನೇನು ಅಲ್ಲಿ ಬಟ್ಟೆ ಒಣಗಿಸಬೇಕೇ? ನಿನ್ನ ಕೆಮ್ಮು ಹೋಯಿತೋ ಇಲ್ಲವೋ, ರಾತ್ರಿ ಕಾಲಿಗೆ ಉಣ್ಣೆಯ ಚೀಲ ಹಾಕಿಕೊಳ್ಳುತ್ತೀಯೋ ಇಲ್ಲವೋ, ಅದನ್ನು ಬರೆ. ಅಲ್ಲಿ ಅಡುಗೆಗೆ ಇಟ್ಟುಕೊಂಡವನು ಎಲ್ಲವನ್ನೂ ಬೇಯಿಸಿ ಬೇಯಿಸಿ ಗಂಜಿ ಮಾಡುತ್ತಾನೆ ಎಂದು ಬರೆದಿದ್ದೆ ನೀನು. ಅವನಿಗೆ ನನ್ನ ಹೆಸರು ಹೇಳಿ ಎರಡು ಮಾತು ಜೋರಾಗಿ ಹೇಳು. ನೀನು ಹೇಳುವುದಿಲ್ಲ, ಗೊತ್ತು. ಯಾರು ಏನು ಬಡಿಸಿದರೂ ‘ಚೆನ್ನಾಗಿದೆ’ ಎಂದು ತಿನ್ನುವ ಜಾತಿ ನೀನು. ಈ ಮನೆಗೆ ಬಂದ ಮೊದಲ ತಿಂಗಳು ನನ್ನ ಉಪ್ಪಿಲ್ಲದ ಸಾರನ್ನೂ ಹಾಗೇ ತಿಂದವಳು.

ನಾನು ಗಟ್ಟಿಯಾಗಿದ್ದೇನೆ. ನಿನ್ನ ಗಂಡ ಎಂದಿನಂತೆ ಬೆಳಗ್ಗೆ ಕನ್ನಡಕದ ಅಂಗಡಿಗೆ ಹೋಗುತ್ತಾನೆ, ಊರವರ ಕಣ್ಣಿಗೆಲ್ಲ ಗಾಜು ಉಜ್ಜಿ ಕೊಡುತ್ತಾನೆ, ಮನೆಗೆ ಬಂದು ಕಣ್ಣೆದುರಿಗೇ ಇರುವ ತನ್ನ ಬೀಗದ ಕೈ ಹುಡುಕುತ್ತಾನೆ. ಏನು ಕೇಳಿದರೂ ‘ನಿನ್ನಿಷ್ಟ ಅಮ್ಮ’ ಎನ್ನುತ್ತಾನೆ. ಪಲ್ಯಕ್ಕೆ ಏನು ಹೆಚ್ಚಲಿ, ನಿನ್ನಿಷ್ಟ. ಗೋಡೆಗೆ ಯಾವ ಬಣ್ಣ ಬಳಿಸಲಿ, ನಿನ್ನಿಷ್ಟ. ಇಂಥವನನ್ನು ಹೆತ್ತವಳು ನಾನೇ, ಯಾರಿಗೆ ದೂರು ಹೇಳಲಿ? ಹಿತ್ತಲ ಬಾಗಿಲಲ್ಲಿ ನೀನು ನಿಂತು ಆಕಾಶ ನೋಡುತ್ತಿದ್ದ ಕಡೆ ಹೊಸ್ತಿಲು ಸವೆದಿದೆ, ಬದಲಾಯಿಸಬೇಕು ಎಂದು ಬಡಗಿ ಹೇಳಿದ. ಸದ್ಯಕ್ಕೆ ಬೇಡ ಎಂದು ಕಳಿಸಿದೆ.

ಕಳೆದ ಪತ್ರದಲ್ಲಿ ನೀನು ಎರಡು ಪ್ರಶ್ನೆ ಕೇಳಿದ್ದೆ. ಒಂದು, ಟಿ.ವಿ.ಯಲ್ಲಿ ಆಡುವ ನಮ್ಮ ಕಂದೀಲಿನ ಆಟದ ಐದನೇ ಭಾಗ ಹೇಗಿದೆ ಎಂದು. ಇನ್ನೊಂದು, ಈ ಪತ್ರ ತರುವ ಹಡಗು ಹಿಂದಿರುಗುವಾಗ ನೀನು ಅದನ್ನು ಹತ್ತಿ ಬರಬೇಕೋ, ಇಲ್ಲ ಹವಾಮಾನ ಕೇಂದ್ರದವರು ಕೇಳಿದಂತೆ ಇನ್ನೊಂದು ವರ್ಷಕ್ಕೆ ಸಹಿ ಹಾಕಿ ಅಲ್ಲೇ ಉಳಿಯಬೇಕೋ ಎಂದು. ‘ಅತ್ತೆ, ನೀವು ಹೇಳಿದ ಹಾಗೆ ಮಾಡ್ತೀನಿ’ ಎಂದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ಮೊದಲ ಪ್ರಶ್ನೆಗೆ ಮೊದಲು ಉತ್ತರ. ಇನ್ನೊಂದನ್ನು ಆಮೇಲೆ ನೋಡೋಣ.

ನೀನು ಹೋಗುವ ಮುಂಚೆಯೇ ತರಿಸಲು ಹೇಳಿಟ್ಟಿದ್ದ ಆಟ ಬಂದು ಸೇರಿತು. ಪೊಟ್ಟಣ ಒಂದು ವಾರ ಹಾಗೇ ಕಪಾಟಿನ ಮೇಲೆ ಕುಳಿತಿತ್ತು. ನಾಲ್ಕು ಭಾಗಗಳನ್ನು ಇಬ್ಬರೂ ಕೂಡಿ ಆಡಿದ ಮೇಲೆ ಐದನೆಯದನ್ನು ಒಬ್ಬಳೇ ಬಿಚ್ಚುವುದು ನನಗೆ ಸರಿಬರಲಿಲ್ಲ. ಆದರೆ ನೀನು ಕೇಳಿದ್ದೀಯ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಅಷ್ಟು ವರ್ಷ ಮೇಸ್ತ್ರಿಯಾಗಿದ್ದವಳು ನಾನು, ನೋಡಿ ಹೇಳು ಎಂದರೆ ನೋಡದೆ ಹೇಳುವವಳಲ್ಲ. ಒಂದು ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಮುರಿದರೆ ಒಲೆ ಎಷ್ಟು ಹೊತ್ತು ಉರಿದಿದೆ ಎಂದು ಹೇಳುತ್ತಿದ್ದೆ. ಆಟವನ್ನೂ ಹಾಗೇ ನೋಡಿದ್ದೇನೆ, ಅಂಚಿನಿಂದ ನಡುವಿನವರೆಗೆ. ದಿನಾ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕುಳಿತು ಆಡಿದೆ. ಮೇಲಿನ ಮನೆಯ ಟೈಲರಮ್ಮ ಮೆಟ್ಟಿಲಿಳಿಯುತ್ತಾ ಕಿಟಕಿಯಲ್ಲಿ ಬಗ್ಗಿ ನೋಡಿ, ‘ಏನಮ್ಮ, ಸೊಸೆ ಹೋದ್ರೂ ಆಟ ಬಿಟ್ಟಿಲ್ವಾ ನೀವು’ ಎಂದಳು. ‘ನಿನ್ನ ಧಾರಾವಾಹಿ ಸೊಸೆ ವರ್ಷಗಟ್ಟಲೆ ಅಳ್ತಾನೇ ಇದಾಳಲ್ಲ, ನನ್ನ ಆಟದಲ್ಲಿ ಅಳೋಕೆ ಯಾರಿಗೂ ಪುರುಸೊತ್ತಿಲ್ಲ’ ಎಂದೆ. ಆಮೇಲೆ ಅವಳು ಆ ಕಿಟಕಿಯ ಕಡೆ ತಿರುಗಿಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನೀರನ್ನು ಏನು ಚೆನ್ನಾಗಿ ಮಾಡಿದ್ದಾರೆ ಅಂತೀಯ. ಹೊಳೆ ದಾಟಿ ಬಂದರೆ ಅಂಗಿಯ ಅಂಚು ಒದ್ದೆಯಾಗಿರುತ್ತದೆ, ನಡೆಯುತ್ತಾ ನಡೆಯುತ್ತಾ ಒಣಗುತ್ತದೆ. ಕಲ್ಲಿನ ಮೇಲೆ ಒಂದು ಹೆಜ್ಜೆ ಸದ್ದು, ಮರಳಿನ ಮೇಲೆ ಇನ್ನೊಂದು. ಸಂತೆಯಲ್ಲಿ ಮಾರುವವರು ಸುಮ್ಮನೆ ಗೊಂಬೆಗಳ ಹಾಗೆ ನಿಂತಿರುವುದಿಲ್ಲ, ಅವರವರಲ್ಲೇ ಕಿತ್ತಾಡುತ್ತಾರೆ, ಆಕಳಿಸುತ್ತಾರೆ. ಮೊದಲ ಭಾಗದಲ್ಲಿ ನಮಗೆ ಸುಳ್ಳು ನಕ್ಷೆ ಮಾರಿದ ಎಣ್ಣೆಯವನು ನೆನಪಿದ್ದಾನಲ್ಲ? ‘ಪಾಪ ಅತ್ತೆ, ಒಳ್ಳೆಯವನ ಹಾಗೆ ಕಾಣ್ತಾನೆ’ ಎಂದಿದ್ದೆ ನೀನು. ‘ಮಾತಾಡುವಾಗ ತಕ್ಕಡಿ ನೋಡ್ತಿದಾನೆ, ಮುಖ ನೋಡ್ತಿಲ್ಲ, ಕಳ್ಳ’ ಎಂದಿದ್ದೆ ನಾನು. ಅಲ್ಲಿಯವರೆಗೆ ಆ ಆಟದ ಯಂತ್ರವನ್ನು ಕಂಡರೆ ಮೂಗು ಮುರಿಯುತ್ತಿದ್ದವಳು ಅಂದಿನಿಂದ ನಿನ್ನ ಪಕ್ಕ ಚಾಪೆ ಹಾಸಿ ಕುಳಿತೆ. ಅವನು ಈ ಭಾಗದಲ್ಲೂ ಇದ್ದಾನೆ, ಮುದುಕನಾಗಿದ್ದಾನೆ, ಈಗಲೂ ತಕ್ಕಡಿಯನ್ನೇ ನೋಡುತ್ತಾನೆ. ನೋಡಿ ಹಳೆಯ ನೆಂಟನನ್ನು ಕಂಡಷ್ಟು ಖುಷಿಯಾಯಿತು. ಪಕ್ಕಕ್ಕೆ ತಿರುಗಿ ನಿನಗೆ ಹೇಳಲು ಬಾಯಿಯನ್ನೂ ತೆರೆದಿದ್ದೆ.

ಇನ್ನು ಕೆಟ್ಟದ್ದು. ಅಕ್ಷರ ಇರುವೆ ಸಾಲಿನ ಹಾಗಿದೆ. ನಿನ್ನ ಗಂಡ ಚಾಪೆಯಿಂದ ಟಿ.ವಿ.ಯವರೆಗೆ ಟೇಪು ಹಿಡಿದು ಅಳೆದು, ಆ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಕೊಟ್ಟ. ಅದನ್ನು ಹಾಕಿಕೊಂಡು ಎದ್ದರೆ ಅಡುಗೆಮನೆ ಓರೆಯಾಗಿ ಕಾಣುತ್ತದೆ. ಆಮೇಲೆ, ದಾರಿ ಕೇಳುವ ಕೆಲಸವೇ ಇಲ್ಲ. ಹಿಂದೆ ಒಂದು ಊರು ಬಿಡಬೇಕಾದರೆ ಮನೆಮನೆಗೆ ಹೋಗಿ ಮಾತಾಡಿಸಿ, ಯಾರು ನಿಜ ಹೇಳುತ್ತಾರೆ ಯಾರು ತಿರುಗಿಸುತ್ತಾರೆ ಎಂದು ತೂಗಿ ನೋಡಬೇಕಿತ್ತು. ಈಗ ತಲೆಯ ಮೇಲೆ ಒಂದು ಬಾಣದ ಗುರುತು, ಅದು ತೋರಿಸಿದ ಕಡೆ ಕುರಿಯ ಹಾಗೆ ನಡೆಯುವುದು. ಅಲ್ಲಿ ಅಣಬೆ ತಾ, ಇಲ್ಲಿ ಸೌದೆ ತಾ ಎಂದು ಕಂಡಕಂಡವರೆಲ್ಲ ಕೆಲಸ ಹೇಳುತ್ತಾರೆ. ಲೋಕ ಕತ್ತಲಾಗುತ್ತಿದೆ ಎಂದು ಹೊರಟವಳಿಗೆ ಸೌದೆ ಹೊರುವ ಹಣೆಬರಹ. ಮೂರನೇ ಭಾಗದಲ್ಲಿ ನಾವು ಮಗಳನ್ನು ಹುಡುಕಿಕೊಟ್ಟ ಕಮ್ಮಾರ ನಮ್ಮ ಗುರುತನ್ನೇ ಹಿಡಿಯಲಿಲ್ಲ. ಕೃತಘ್ನ.

ಎಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ಬಾಗಿಲುಗಳ ವಿಷಯದಲ್ಲಿ. ಹಿಂದಿನ ಭಾಗಗಳಲ್ಲಿ ಕತ್ತಿ ಹಿಡಿದ ನನ್ನವಳು, ಕಂದೀಲು ಹಿಡಿದ ನಿನ್ನವಳು, ಇಬ್ಬರೂ ಬಂದು ನಿಂತರೆ ಮಾತ್ರ ಕೋಟೆಯ ಬಾಗಿಲು ತೆರೆಯುತ್ತಿತ್ತು. ನೀನು ಎಲ್ಲೋ ಹಿಂದೆ ಹೂವು ನೋಡುತ್ತಾ, ಮೋಡ ನೋಡುತ್ತಾ ನಿಂತಿರುತ್ತಿದ್ದೆ, ನಾನು ಬಾಗಿಲ ಮುಂದೆ ನಿಂತು ಬೈಯುತ್ತಿದ್ದೆ. ಈಗ ಹಾಗಿಲ್ಲ. ಎರಡನೆಯವರು ಆಡದಿದ್ದರೆ ಯಂತ್ರವೇ ಕಂದೀಲಿನವಳನ್ನು ನಡೆಸುತ್ತದೆ, ಒಬ್ಬಳೇ ಹೋದರೂ ಬಾಗಿಲು ತೆರೆಯುತ್ತದೆ. ಯಂತ್ರ ನಡೆಸುವ ಕಂದೀಲಿನವಳು ಒಂದು ಹೆಜ್ಜೆಯೂ ಹಿಂದೆ ಬೀಳುವುದಿಲ್ಲ. ಹೂವು ನೋಡುವುದಿಲ್ಲ. ಬೈಯಲು ಏನೂ ಸಿಗಲಿಲ್ಲ ನನಗೆ.

ಈಗ ಸೇತುವೆಯ ಸಂಗತಿಗೆ ಬರುತ್ತೇನೆ. ಆಟದ ನಡುವಿನಲ್ಲಿ ಒಂದು ಉದ್ದನೆಯ ಮರದ ಸೇತುವೆ. ಅದರ ದೀಪ ಕಾಯುವ ಮುದುಕನಿಗೆ ಕಣ್ಣು ಹೋಗಿದೆ. ಇನ್ನು ಮುಂದೆ ದೀಪ ಹಚ್ಚುವವರು ಯಾರು ಎಂದು ಅವನು ಕೇಳುತ್ತಾನೆ. ಆಗ ನಿನ್ನವಳು ನನ್ನವಳ ಕಡೆ ತಿರುಗಿ, ‘ನಾನು ಇಲ್ಲೇ ಇರಲಾ, ನಿನ್ನ ಜೊತೆ ಬರಲಾ?’ ಎಂದಳು. ದೊಡ್ಡ ಪ್ರಶ್ನೆ. ದೊಡ್ಡ ಪ್ರಶ್ನೆ ಬಂದಾಗ ನಮ್ಮ ಪದ್ಧತಿ ಏನು? ಯಾರೂ ಗುಂಡಿ ಒತ್ತಬಾರದು. ನಾನು ಎದ್ದು ಹೋಗಿ ಕಾಫಿಗೆ ನೀರಿಡುವುದು, ನೀನು ಹಿತ್ತಲಿಗೆ ಹೋಗಿ ಆಕಾಶ ನೋಡುವುದು. ಲೋಟ ಹಿಡಿದು ಬಂದು ಕುಳಿತು, ಹಾಗೆಂದರೆ ಏನಾಗುತ್ತದೆ ಹೀಗೆಂದರೆ ಏನಾಗುತ್ತದೆ ಎಂದು ಮಾತಾಡಿ, ಆಮೇಲೆ ನಾನು ಹೇಳಿದ್ದನ್ನು ನೀನು ಒತ್ತುವುದು. ಅಷ್ಟು ಹೊತ್ತೂ ಪ್ರಶ್ನೆ ಅಲ್ಲೇ ಕಾಯುತ್ತಿತ್ತು. ನಾಲ್ಕನೇ ಭಾಗದ ರಾಣಿಯಂತೂ ನಾವು ಹಾಸಿಗೆಯ ಹೊದಿಕೆಗಳನ್ನು ಒಗೆದು ಒಣಗಿಸಿ ಬರುವವರೆಗೆ ಬಾಯಿ ತೆರೆದುಕೊಂಡೇ ನಿಂತಿದ್ದಳು.

ನಾನು ಅದೇ ಅಭ್ಯಾಸದಲ್ಲಿ ಎದ್ದೆ. ನೀರಿಟ್ಟೆ, ಹಾಲು ಉಕ್ಕದಂತೆ ನೋಡಿಕೊಂಡೆ, ಸಕ್ಕರೆ ಹಾಕಿ ಕದಡಿದೆ. ಏನು ಹೇಳಬೇಕೆಂದು ಯೋಚಿಸಬೇಕಾದ್ದೂ ಇರಲಿಲ್ಲ, ಒಲೆಯ ಮುಂದೆಯೇ ಉತ್ತರ ಸಿದ್ಧವಾಗಿತ್ತು. ಎರಡು ಲೋಟ ಹಿಡಿದು ಹೊರಗೆ ಬಂದೆ. ಹೌದು, ಎರಡು. ಕೈ ತಾನಾಗಿಯೇ ಬಗ್ಗಿಸಿತ್ತು. ಬಂದು ನೋಡಿದರೆ ನಿನ್ನವಳು ಇಲ್ಲ. ನನ್ನವಳು ಸೇತುವೆಯ ಆಚೆ ತುದಿಯಲ್ಲಿ ಒಬ್ಬಳೇ ನಿಂತಿದ್ದಾಳೆ. ಪರದೆಯ ಮೇಲೆ ಬರೆದಿತ್ತು: ‘ನೀನು ಏನೂ ಹೇಳಲಿಲ್ಲ. ಅದನ್ನೇ ಅವಳು ಉತ್ತರವೆಂದು ತಿಳಿದಳು.’

ಹೊಸ ಭಾಗದಲ್ಲಿ ಪ್ರಶ್ನೆಯ ಕೆಳಗೆ ಒಂದು ಬತ್ತಿ ಉರಿಯುತ್ತಿರುತ್ತದಂತೆ. ಅದು ಉರಿದು ಮುಗಿಯುವುದರೊಳಗೆ ಬಾಯಿ ಬಿಡಬೇಕಂತೆ. ಸಂಜೆ ನಿನ್ನ ಗಂಡ ಪೊಟ್ಟಣದೊಳಗಿನ ಚೀಟಿ ಓದಿ ಹೇಳಿದ. ನಾನು ಅದನ್ನು ಅಂದಕ್ಕೆ ಇಟ್ಟ ಚಿತ್ರ ಎಂದುಕೊಂಡಿದ್ದೆ. ಹಿಂದಕ್ಕೆ ಹೋಗುವ ದಾರಿಯೂ ಇಲ್ಲ, ಯಂತ್ರ ತಾನೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ‘ಅದಕ್ಕೇನಮ್ಮ, ಮೊದಲಿಂದ ಶುರು ಮಾಡು’ ಎಂದ. ಮೊದಲಿನಿಂದ ಶುರು ಮಾಡಿದರೆ ಇನ್ಯಾವಳೋ ಬಂದು ನಿಲ್ಲುತ್ತಾಳೆ, ಹೊಳೆಯಲ್ಲಿ ನನ್ನ ಜೊತೆ ಒದ್ದೆಯಾದವಳು ಅಲ್ಲೇ ದೀಪ ಹಚ್ಚುತ್ತಾ ಇರುತ್ತಾಳೆ. ಇದು ಅವನಿಗೆ ಅರ್ಥವಾಗಲಿಲ್ಲ. ‘ನಿನ್ನಿಷ್ಟ’ ಎಂದು ಊಟಕ್ಕೆ ಕುಳಿತ.

ಆಮೇಲೆಯೂ ಆಡಿದೆ. ಕಂದೀಲಿಲ್ಲದೆ ನಡೆಯಬಹುದು, ಕತ್ತಿಗೂ ಹರಿತ ಕಡಿಮೆಯಾಗಿಲ್ಲ. ಆದರೆ ನಾಲ್ಕು ಮಾರು ಆಚೆ ಏನಿದೆ ಎಂದು ಕಾಣುವುದಿಲ್ಲ. ಕೋಟೆಯ ಗೋಡೆಯ ಮೇಲೆ ಅಷ್ಟು ಚಂದದ ಚಿತ್ರಗಳನ್ನು ಬರೆದಿದ್ದಾರಂತೆ, ನಾನು ಒಂದನ್ನೂ ನೋಡಲಿಲ್ಲ. ಬಾಣದ ಗುರುತನ್ನು ಲೆಕ್ಕಿಸದೆ ಸುತ್ತು ಹಾಕಿಕೊಂಡು ಮತ್ತೆ ಮತ್ತೆ ಸೇತುವೆಯ ಕಡೆಗೇ ಹೋಗುತ್ತೇನೆ. ದೂರದಿಂದಲೇ ದೀಪ ಕಾಣುತ್ತದೆ, ಚೆನ್ನಾಗಿಯೇ ಹಚ್ಚಿಟ್ಟಿರುತ್ತಾಳೆ, ಅದರಲ್ಲಿ ಒಂದು ಮಾತಿಲ್ಲ. ಹತ್ತಿರ ಹೋಗಿ ಮಾತಾಡಿಸಿದರೆ, ‘ಗಾಳಿ ಜೋರಾಗಿದೆ, ನಾನು ಕ್ಷೇಮ’ ಎನ್ನುತ್ತಾಳೆ. ಇನ್ನೊಮ್ಮೆ ಮಾತಾಡಿಸಿದರೂ ಅದೇ. ಅದಕ್ಕಿಂತ ಹೆಚ್ಚಿಗೆ ಹೇಳುವುದನ್ನು ಅವಳಿಗೆ ಯಾರೂ ಕಲಿಸಿಲ್ಲ.

ತೀರ್ಪು ಬೇಕು ನಿನಗೆ. ನಮ್ಮ ಪ್ಯಾಕಿಂಗ್ ಹಾಲಿನಲ್ಲಿ ಮೂರು ರಾಶಿ ಇರುತ್ತಿದ್ದವು, ನಿನಗೆ ಹೇಳಿದ್ದೇನೆ. ಚೆನ್ನಾಗಿದ್ದರೆ ‘ಹೋಗಲಿ’, ಕೆಟ್ಟಿದ್ದರೆ ‘ವಾಪಸ್ಸು’. ಒಬ್ಬಳ ನಾಲಿಗೆಗೆ ಗೊತ್ತಾಗದಿದ್ದರೆ ‘ಪಕ್ಕಕ್ಕೆ’. ಪಕ್ಕಕ್ಕಿಟ್ಟದ್ದನ್ನು ಇನ್ನೊಬ್ಬಳು ಬಂದು ತಿಂದು ನೋಡುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಈ ಆಟಕ್ಕೆ ವಾಪಸ್ಸು ಎನ್ನಲು ಮನಸ್ಸು ಬರುವುದಿಲ್ಲ, ನೀರು ಅಷ್ಟು ಚೆನ್ನಾಗಿದೆ. ಹೋಗಲಿ ಎನ್ನಲು ನಾಲಿಗೆ ಏಳುವುದಿಲ್ಲ. ಪಕ್ಕಕ್ಕಿಟ್ಟಿದ್ದೇನೆ. ನನ್ನವಳು ಸೇತುವೆಯ ಬಳಿ ಒಂದು ಕಲ್ಲಿನ ಮೇಲೆ ಕುಳಿತಿದ್ದಾಳೆ. ಈ ಭಾಗದಲ್ಲಿ ಕುಳಿತುಕೊಳ್ಳುವುದಕ್ಕೆಂದೇ ಒಂದು ಗುಂಡಿ ಕೊಟ್ಟಿದ್ದಾರೆ, ಅದೊಂದು ಉಪಕಾರ ಮಾಡಿದ್ದಾರೆ.

ಪತ್ರ ಉದ್ದವಾಯಿತು. ಹಡಗಿನ ಅಂಚೆಚೀಲ ಇವತ್ತೇ ಕಟ್ಟುತ್ತಾರಂತೆ, ನಿನ್ನ ಗಂಡ ಕೊಟ್ಟು ಬರಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಬೀಗದ ಕೈ ಹುಡುಕುತ್ತಿದ್ದಾನೆ. ಜೊತೆಗೆ ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ, ಬಣ್ಣ ಹಿಡಿಸದಿದ್ದರೂ ಹಾಕಿಕೊ. ನಿನ್ನ ಮೈ ಬೆಚ್ಚಗಿರಲಿ, ನೀನು ಬರೆದಿಡುವ ಗಾಳಿಯ ಲೆಕ್ಕ ನಂಬಿ ಸಮುದ್ರಕ್ಕೆ ಇಳಿದವರೆಲ್ಲ ದಡ ಸೇರಲಿ. ಆ ಗಂಜಿ ಬೇಯಿಸುವವನಿಗೂ ಒಳ್ಳೆಯದಾಗಲಿ, ನಿನಗೆ ಊಟ ಹಾಕುವವನಲ್ಲವೇ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ

ಮತ್ತೆ: ಲಕೋಟೆ ಅಂಟಿಸಿ ಆಗಿತ್ತು, ಹರಿದು ತೆಗೆದಿದ್ದೇನೆ. ಇಷ್ಟುದ್ದ ಬರೆದೂ ನಿನ್ನ ಎರಡನೇ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಮರೆತದ್ದಲ್ಲ. ಕೇಳಿಕೊಳ್ಳುವುದು ನನಗೆ ಅಭ್ಯಾಸವಿಲ್ಲ, ಅಷ್ಟೇ. ನಿನ್ನ ಗಂಡ ತನ್ನ ಪತ್ರದಲ್ಲಿ ‘ನಿನ್ನಿಷ್ಟ’ ಎಂದು ಬರೆದಿರುತ್ತಾನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ, ನಿನ್ನ ಅಂಗಿಗಳನ್ನು ಅವನೇ ಪ್ರತಿ ವಾರ ಬಿಸಿಲಿಗೆ ಹಾಕುತ್ತಾನೆ. ಆ ದ್ವೀಪದ ಕೆಲಸದ ಮೇಲೆ ನಿನಗೇ ಆಸೆಯಿದ್ದರೆ ಉಳಿ, ನಾನು ಅಡ್ಡ ಬರುವುದಿಲ್ಲ. ಆದರೆ ಅತ್ತೆ ಏನೂ ಹೇಳಲಿಲ್ಲ ಎಂದುಕೊಂಡು ಮಾತ್ರ ಉಳಿಯಬೇಡ. ಹೇಳಿದ್ದೇನೆ. ಬಾ.