ಮೂರನೇ ಸಾಲಿಗೆ ಬಾಯಿ ಮುಚ್ಚುವ ಹಾಡು

ಮೊಂಡೆಸಾ, ಸ್ವಾಕೊಪ್‌ಮುಂಡ್
೧೪ ಆಗಸ್ಟ್ ೨೦೧೯, ಬುಧವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿ ಹೇಗಿದೆ? ನಾನು ಕೊಟ್ಟುಬಂದ ಎಣ್ಣೆಯನ್ನು ನೀನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಆ ಕುಂಟು ಕರುವಿನ ಕಾಲಿಗೇ ಸವರಿ ಮುಗಿಸಿದೆಯೋ? ನಿನ್ನನ್ನು ನಾನು ಬಲ್ಲೆ. ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳುತ್ತಿದ್ದರೆ ಕಿಟಕಿಯಾಚೆ ನೋಡುತ್ತಾ ಕೂತಿದ್ದೆಯಲ್ಲ, ಅಂದಿನಿಂದ ನಿನ್ನ ಕಿವಿಯ ಮೇಲೆ ನನಗೆ ನಂಬಿಕೆ ಇಲ್ಲ. ಹುಳಿಹಾಲು ಬೇಕಾದಷ್ಟು ಕುಡಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ನಾನು ಚೆನ್ನಾಗಿದ್ದೇನೆ. ಇಲ್ಲಿ ದೊಡ್ಡಮ್ಮನ ಮಗಳ ಮನೆಯಲ್ಲಿ ಹೊಟ್ಟೆ ತುಂಬ ಮೀನು, ಮೂಗು ತುಂಬ ನೆಗಡಿ. ಕಡಲಿನ ಮಂಜು ಮಧ್ಯಾಹ್ನದವರೆಗೂ ಕರಗುವುದಿಲ್ಲ. ಒಗೆದು ಹಾಕಿದ ನನ್ನ ಲಂಗ ಮೊನ್ನೆಯಿಂದ ಹಗ್ಗದ ಮೇಲೆ ಅಳುತ್ತಾ ನಿಂತಿದೆ. ಈ ಊರಲ್ಲಿ ದನ ಕಟ್ಟಿದವರೇ ಇಲ್ಲ ಅಪ್ಪಾ, ಬೆಳಗಾದರೆ ಒಂದು ಅಂಬಾ ಎನ್ನುವ ಸದ್ದೂ ಕೇಳಿಸದು. ಜನ ಅದು ಹೇಗೆ ಏಳುತ್ತಾರೋ ಏನೋ.

ಈ ಕಾಗದವನ್ನು ನಿನಗೆ ಓದಿ ಹೇಳುವವಳು ವೆಮುನಾ ಎಂದು ಗೊತ್ತು. ಏ ವೆಮುನಾ, ನನ್ನ ತಮ್ಮನ ಮುದ್ದಿನ ಮಗಳೇ, ನಿನಗೆ ಹಿಡಿಸದ ಕಡೆ ಬಂದಾಗ ನುಂಗಿಬಿಡಬೇಡ, ಅಜ್ಜನ ಕಿವಿಗೆ ಬೀಳುವ ಹಾಗೆ ಗಟ್ಟಿಯಾಗಿ ಓದು. ಜರ್ಮನ್ ಸಿಪಾಯಿಗಳದೆಂದು ಜನ ಹೇಳುವ, ನಮ್ಮ ಪಡೆಯ ಈ ನಡಿಗೆಯ ಹಾಡೆಂದರೆ ನಿನಗೆ ಆಗದು. ‘ನಮ್ಮನ್ನ ಕೊಂದೋರ ಹಾಡಿಗೆ ನಾವೇ ಹೆಜ್ಜೆ ಹಾಕೋದಾ ಅತ್ತೆ, ನಾಚ್ಕೆ ಆಗಲ್ವಾ?’ ಎಂದು ನೀನು ರಜೆಗೆ ಬಂದಾಗ ಕೇಳಿದ್ದು ನನಗೆ ಮರೆತಿಲ್ಲ. ಆ ದಿನ ನಾನು ಹೊಲಿಗೆ ಯಂತ್ರ ತುಳಿಯುತ್ತಾ ಕೂತೆ.

ಅಪ್ಪಾ, ನೀನು ಪಡೆಯ ಟೋಪಿಯನ್ನು ಮೊಳೆಗೆ ನೇತುಹಾಕಿದ ದಿನದಿಂದ ನನಗೆ ಅನ್ನ ಸರಿಯಾಗಿ ಇಳಿದಿಲ್ಲ. ಹೋದ ವರ್ಷ ಒಕಹಾಂಡ್ಯಾದಲ್ಲಿ ಹಿರಿಯರ ಗೋರಿಗಳ ಕಡೆ ಸಿಪಾಯಿಗಳ ಹಾಗೆ ಸಮವಸ್ತ್ರ ತೊಟ್ಟು ನಮ್ಮೂರ ಪಡೆ ನಡೆಯುವಾಗ, ಆ ಪಕ್ಕದ ಪಡೆಯ ಹುಡುಗರು ‘ನೋಡ್ರೋ, ಮುದುಕನ ಪಡೆ ಮತ್ತೆ ಸಾಲು ಮರ್ತ್ಕೊಂಡ್ತು!’ ಎಂದು ನಕ್ಕರು. ಅವರ ನಗುವಿಗೂ ಕಾರಣವಿತ್ತೆನ್ನು. ಎಲ್ಲ ಪಡೆಗಳೂ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡುತ್ತಾ ಹೋಗುತ್ತವೆ. ನಮ್ಮದು ಮಾತ್ರ ಎರಡು ಸಾಲು ನಮ್ಮ ದನಗಳನ್ನೂ ನಮ್ಮ ಬೆಟ್ಟಗಳನ್ನೂ ಹಾಡಿ, ಮೂರನೇ ಸಾಲಿನ ಜಾಗಕ್ಕೆ ಬಂದೊಡನೆ ಎಡಗಾಲು ಊರಿ, ತಲೆ ತಗ್ಗಿಸಿ, ಬಾಯಿ ಮುಚ್ಚಿ ನಿಂತುಬಿಡುತ್ತದೆ. ಒಂದು ಸಾಲಿನ ಹೊತ್ತು ಕಳೆದ ಮೇಲೆ ನಾಲ್ಕನೆಯದನ್ನು ಎತ್ತುತ್ತೇವೆ. ನಿನ್ನ ಅಜ್ಜ ಕೈಹಿವಾ ಹಾಗೆ ಕಲಿಸಿದ, ನೀನು ಹಾಗೇ ನಡೆಸಿದೆ. ಆದರೆ ನನ್ನ ತಮ್ಮ ಕವೆಜೆರಿಗೆ ಆ ನಗು ನಾಟಿತು. ಪಡೆಯ ಸಾರ್ಜೆಂಟ್ ಎಂದು ಎದೆಗೆ ಪಟ್ಟಿ ಕಟ್ಟಿಕೊಂಡ ಗಂಡಸು, ಸುಮ್ಮನಿರುತ್ತಾನೆಯೇ? ಎರಡನೇ ಸುತ್ತಿಗೆ ಆ ಖಾಲಿ ಜಾಗದಲ್ಲಿ ಸೀಟಿ ಊದಿಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಇವನು ನವಿಲಾದ.

ಮನೆಗೆ ಬಂದ ಮೇಲೆ ನೀನು ಆಡಿದ ಮಾತು ನನಗೆ ಬಾಯಿಪಾಠ: ‘ಅಜ್ಜ ಮರ್ತು ಬಿಟ್ಟ ಜಾಗವೋ, ಬೇಕಂತಲೇ ಬಿಟ್ಟ ಜಾಗವೋ ನಂಗೊತ್ತಿಲ್ಲ. ಗೊತ್ತಾಗೋವರ್ಗೂ ನಾನು ಪಡೆ ಮುಂದೆ ನಿಲ್ಲಲ್ಲ.’ ಅಷ್ಟು ಹೇಳಿ ಟೋಪಿ ಕಳಚಿದೆ. ನೀನು ಮುಂದೆ ನಿಲ್ಲದಿದ್ದರೆ ನಮ್ಮ ಪಡೆ ಇನ್ನೊಂದು ಪಡೆಯ ಬಾಲ ಹಿಡಿದು ನಡೆಯಬೇಕಾಗುತ್ತದೆ. ಅದಿರಲಿ, ನೀನೇ ಉಳಿಯುತ್ತೀಯಾ ಎನ್ನುವ ಭಯ ನನಗೆ. ಪಡೆಗಳು ಗೋರಿಗಳಿಗೆ ನಡೆಯುವ ಆಗಸ್ಟ್ ತಿಂಗಳಲ್ಲಿ ಸಮವಸ್ತ್ರ ತೊಡದೆ ಬೆಂಕಿಯ ಮುಂದೆ ಕೂತ ಅಪ್ಪನನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ‘ಕೇಳಬೇಕಿತ್ತು, ಅಜ್ಜನ್ನ ಕೇಳಬೇಕಿತ್ತು’ ಎಂದು ನೀನು ಗೊಣಗುವುದು ಕೇಳಿದೆ. ಯಾರು ಕೇಳುತ್ತಾರೆ ಅಪ್ಪಾ? ಹಿರಿಯರು ಕಲಿಸಿದ ಹೆಜ್ಜೆಗೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಕೇಳಿದ್ದರೆ ಬೆನ್ನಿಗೆ ಕೋಲು ಬೀಳುತ್ತಿತ್ತು. ಅದಕ್ಕೇ ಹೊಲಿದ ಉಡುಪುಗಳನ್ನು ಕೊಡುವ ನೆಪ ಮಾಡಿಕೊಂಡು ನಾನು ಊರು ಬಿಟ್ಟಿದ್ದು. ಈ ಹಾಡಿನ ಬೇರು ಎಲ್ಲಿದೆಯೋ ಹುಡುಕಿ ನಿನ್ನ ಮುಂದೆ ಇಡಬೇಕು ಎನ್ನುವುದೊಂದೇ ತಲೆಯಲ್ಲಿ.

ಮೊದಲು ವಿಂಡ್‌ಹುಕ್. ಹಳೆಯ ಧ್ವನಿಮುದ್ರಣ ಕಾಪಾಡುವ ಕಚೇರಿಯಲ್ಲಿ ಒಬ್ಬ ಹುಡುಗ ನನ್ನ ಕಿವಿಗೆ ಏನೋ ಸಿಕ್ಕಿಸಲು ಬಂದ. ನನ್ನ ತಲೆಯುಡುಪಿನಲ್ಲಿ ದನದ ಕೊಂಬಿನಂತೆ ಸುತ್ತಿದ ಎರಡು ಬಟ್ಟೆಯ ಕೊಂಬುಗಳ ನಡುವೆ ಅದು ಕೂರಲೇ ಇಲ್ಲ! ‘ಅಮ್ಮಾ, ಇದನ್ನ ಸ್ವಲ್ಪ ತೆಗೀತೀರಾ?’ ಎಂದ. ‘ತೆಗೆಯೋಕೆ ಇದೇನು ಟೋಪೀನಾ ಮಗನೇ? ನೀನೇ ಸದ್ದು ಜೋರು ಮಾಡು’ ಎಂದೆ. ಪಾಪ, ಇಡೀ ಕಚೇರಿಗೆ ಕೇಳುವ ಹಾಗೆ ಹಾಕಿದ. ತುತ್ತೂರಿ, ನಗಾರಿ, ಜರ್ಮನ್ ಸಿಪಾಯಿಗಳ ಹಾಡು ಮಧ್ಯಾಹ್ನದವರೆಗೆ ಕೇಳಿದೆ. ಕೇಳಿ ಕೇಳಿ ಕುರ್ಚಿಯಲ್ಲೇ ಕಾಲು ಕುಣಿಸುತ್ತಿದ್ದೆ, ಸಿಟ್ಟೂ ಬರುತ್ತಿತ್ತು. ನಮ್ಮ ರಾಗ ಮಾತ್ರ ಇರಲಿಲ್ಲ. ಆಮೇಲೆ ಕಟುಟುರಾದ ಚರ್ಚಿನಲ್ಲಿ ಹಾಡು ಕಲಿಸುವ ಎರಾಸ್ಟುಸ್ ಮೇಷ್ಟರ ಮನೆ ಹುಡುಕಿಕೊಂಡು ಹೋಗಿ, ಅಂಗಳದಲ್ಲೇ ನಿಂತು ಹಾಡಿ ತೋರಿಸಿದೆ. ಮೂರನೇ ಸಾಲಿಗೆ ಅಭ್ಯಾಸಬಲದಿಂದ ಬಾಯಿ ಮುಚ್ಚಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, ‘ಇದನ್ನ ನನ್ನ ತಾಯಿ ಗುನುಗ್ತಿದ್ಲಮ್ಮಾ, ಸ್ವಾಕೊಪ್‌ಮುಂಡಲ್ಲಿ ಜರ್ಮನ್ನರ ಮನೇಲಿ ಬಟ್ಟೆ ಒಗೀತಿದ್ಲು. ಯಜಮಾನ್ರು ಕ್ರಿಸ್‌ಮಸ್ಸಿಗೆ ಗ್ರಾಮಫೋನ್ ಪ್ಲೇಟ್ ಹಾಕ್ತಿದ್ರಂತೆ’ ಎಂದರು. ಹಸಿರು ಕಿಟಕಿಬಾಗಿಲಿನ ಮನೆ, ಹಳೆಯ ದೀಪಸ್ತಂಭದ ಹಿಂದೆ. ಅಷ್ಟು ಗುರುತು ಸಾಕಾಯಿತು.

ಆ ಮನೆ ಇನ್ನೂ ಇದೆ ಅಪ್ಪಾ! ಹೆಡ್ವಿಗ್ ಎಂಬ ಜರ್ಮನ್ ಮುದುಕಿ ಒಬ್ಬಳೇ ಇದ್ದಾಳೆ. ನಿನಗಿಂತ ಹಿರಿಯಳು. ಬಾಗಿಲು ತೆರೆದವಳು ನನ್ನ ಉಡುಪನ್ನು ಮೇಲಿಂದ ಕೆಳಗೆ ನೋಡಿ, ಇದೇ ಉಡುಪು ತೊಡಿಸಿದ ಗೊಂಬೆಗಳನ್ನು ಮಾರುವ ನಮ್ಮ ಹೆಂಗಸರಲ್ಲಿ ಒಬ್ಬಳೆಂದು ತಿಳಿದು ‘ಬೇಡಮ್ಮ, ಗೊಂಬೆ ಬೇಡ’ ಎಂದಳು. ನನಗೆ ನಗು ತಡೆಯಲಾಗಲಿಲ್ಲ. ‘ಗೊಂಬೆಯಲ್ಲ, ಹಾಡು ಕೇಳೋಕೆ ಬಂದಿದೀನಿ’ ಎಂದು ಅಲ್ಲೇ ಒಂದು ಸಾಲು ಹಾಡಿದೆ. ಅವಳ ಮುಖ ಬಿಳುಚಿತು. ಬಿಳಿಯರು ಇನ್ನೂ ಬಿಳುಚಬಹುದು ಎಂದು ನನಗೆ ಗೊತ್ತಾದದ್ದು ನಿನ್ನೆಯೇ. ಆದರೂ ಒಳಗೆ ಕರೆದಳು, ಕಾಫಿ ಕೊಟ್ಟಳು, ಸೇಬಿನ ಕೇಕು ಕೊಟ್ಟಳು. ಕೇಕು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅವಳ ಅಜ್ಜ ನೂರು ವರ್ಷದ ಹಿಂದೆ ನಮ್ಮ ಜನರನ್ನು ಕೊಂದ ಆ ಜರ್ಮನ್ ಸೇನೆಯಲ್ಲಿ ಇದ್ದವನಂತೆ. ಅವನ ಪಡೆಯವರು ಮುದುಕರಾದ ಮೇಲೆ ಜರ್ಮನಿಯಲ್ಲಿ ಒಟ್ಟಿಗೆ ಕೂತು ಹಾಡಿ ಮಾಡಿಸಿದ ಪ್ಲೇಟು ಅದು. ಹಾಡು ಕಟ್ಟಿದ್ದೂ ಅವರೇ ಅಂತೆ, ಒಮಹೆಕೆ ಮರಳುಗಾಡಿನಿಂದ ವಾಪಸು ಬರುವ ದಾರಿಯಲ್ಲಿ. ನಿನ್ನ ಅಜ್ಜ ಕೈಹಿವಾನನ್ನು ಹಿಡಿದದ್ದೂ ಅದೇ ದಾರಿಯಲ್ಲಿ ಅಲ್ಲವೇ? ನೀರಿಲ್ಲದೆ ಸತ್ತ ತಾಯಿಯ ಪಕ್ಕ ಕೂತಿದ್ದ ಹುಡುಗನನ್ನು ಎತ್ತಿಕೊಂಡು ಹೋಗಿ, ಕುದುರೆ ಹಿಡಿಯುವ ಕೆಲಸಕ್ಕೆ ಇಟ್ಟುಕೊಂಡರು ಎಂದು ನೀನು ಹೇಳುತ್ತಿದ್ದೆ. ಅವರು ಹಾಡುತ್ತಾ ನಡೆದಿರುತ್ತಾರೆ, ಇವನು ಕುದುರೆಯ ಹಗ್ಗ ಹಿಡಿದು ಕೇಳುತ್ತಾ ನಡೆದಿರುತ್ತಾನೆ. ಅದನ್ನು ನೆನೆದು ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅವಳು ಹಿಡಿ ತಿರುಗಿಸಿ ಪ್ಲೇಟು ಹಾಕಿದಳು. ಅದೇ ರಾಗ ಅಪ್ಪಾ, ನಮ್ಮದೇ! ಮೊದಲ ಸಾಲು ಬಂತು, ಎರಡನೆಯದು ಬಂತು. ಮೂರನೆಯದು ಶುರುವಾಗುವ ಹೊತ್ತಿಗೆ ನನ್ನ ಎಡಗಾಲು ತಾನಾಗಿಯೇ ಅವಳ ನೆಲಹಾಸಿನ ಮೇಲೆ ಊರಿ ನಿಂತಿತು. ಅದೇ ಗಳಿಗೆಗೆ ಅವಳ ಕೈ ಮುಂದೆ ಬಂದು ಮುಳ್ಳನ್ನು ಎತ್ತಿತು. ಸದ್ದು ನಿಂತಿತು. ಒಂದು ಸಾಲಿನ ಹೊತ್ತು ಬಿಟ್ಟು ಮತ್ತೆ ಇಳಿಸಿದಳು. ‘ಅಲ್ಲಿ ಪ್ಲೇಟು ಗೀರಿದೆ’ ಎಂದಳು. ಎರಡನೇ ಚರಣದಲ್ಲೂ ಅದೇ ಜಾಗ, ಅದೇ ಕೈ. ನಾನು ದರ್ಜಿ, ಬಟ್ಟೆ ತಾನಾಗಿ ಹರಿದದ್ದು ಯಾವುದು, ಕತ್ತರಿಯಾಡಿಸಿದ್ದು ಯಾವುದು ಎಂದು ನನಗೆ ತಿಳಿಯದೆ? ‘ಗೀರು ಪ್ಲೇಟಲ್ಲಿ ಇಲ್ಲ ಕಣಮ್ಮಾ. ನಮ್ಮ ಪಡೆನೂ ಅಲ್ಲೇ ಬಾಯಿ ಮುಚ್ಚುತ್ತೆ. ಯಾಕೆ ಅಂತ ಗೊತ್ತಾಗ್ದೆ ನಮ್ಮಪ್ಪ ಟೋಪಿ ತೆಗೆದಿಟ್ಟಿದಾನೆ. ಆ ಸಾಲಲ್ಲಿ ಏನಿದೆ?’ ಎಂದು ನೇರ ಕೇಳಿದೆ. ಅವಳು ‘ನಂಗೆ ತಲೆನೋವು, ಇನ್ನು ಹೊರಡಿ’ ಎಂದಳು. ಕೇಕನ್ನು ಮಾತ್ರ ಕಾಗದದಲ್ಲಿ ಸುತ್ತಿ ಕೈಗಿಟ್ಟಳು. ನಾನು ಮೊಂಡೆಸಾದ ಈ ಮನೆಯ ಗುರುತು ಹೇಳಿ ಹೊರಬಂದೆ.

ಇಷ್ಟೇ ಅಪ್ಪಾ ಸುದ್ದಿ. ಬಾವಿಯ ಕಟ್ಟೆಯವರೆಗೆ ಹೋಗಿ ನೀರು ತಾರದೆ ಬರುತ್ತಿದ್ದೇನೆ. ಬೈಯಬೇಡ. ಹಾಡು ಅವರದು ಎಂದಷ್ಟೇ ಗಟ್ಟಿಯಾಯಿತು. ವೆಮುನಾ, ನೀನು ಗೆದ್ದೆ, ಹಿಗ್ಗಬೇಡ. ನಮ್ಮೂರಿನ ಮೇಲೆ ಒಮಹೆಕೆ ಕಡೆ ಹೊರಟಿರುವ ಪಿಕಪ್ಪಿನವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ, ನಾನು ಶುಕ್ರವಾರದ ಬಸ್ಸಿಗೆ ಬರುತ್ತೇನೆ. ತೀರಿಹೋದ ಹಿರಿಯರೊಡನೆ ಮಾತಾಡುವ ಆ ಬೆಂಕಿಯ ಮುಂದೆ ಬೆಳಿಗ್ಗೆ ಕೂತಾಗ ನನ್ನ ಹೆಸರನ್ನೂ ಒಂದು ಸಲ ಹೇಳು. ದನಗಳಿಗೆ, ಕವೆಜೆರಿಗೆ, ಇದೇ ಕ್ರಮದಲ್ಲಿ, ನನ್ನ ಪ್ರೀತಿ ತಿಳಿಸು. ನಿನ್ನ ಒಲೆಯ ಬೂದಿ ಯಾವತ್ತೂ ಬೆಚ್ಚಗಿರಲಿ.

ನಿನ್ನ ಮಗಳು,
ಆಸ್ನಾಥ್

ಮರೆತೆ, ಇಲ್ಲ ಮರೆತಿಲ್ಲ, ಈಗಷ್ಟೇ ಆದದ್ದು ಇದು: ಪಿಕಪ್ಪಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಅಕ್ಷರ ಸೊಟ್ಟಗಾದರೆ ಬಿಡಿಸಿ ಓದು ವೆಮುನಾ. ಹೆಡ್ವಿಗ್ ಮುದುಕಿ ಬಂದಿದ್ದಳು. ನಮ್ಮ ಜನರ ಈ ಮೊಂಡೆಸಾ ಕೇರಿಗೆ ಅವಳು ಜನ್ಮದಲ್ಲಿ ಕಾಲಿಟ್ಟವಳಲ್ಲವಂತೆ. ಕೋಲೂರಿಕೊಂಡು, ಪ್ಲೇಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಮಂಜಿನಲ್ಲಿ ದಾರಿ ಕೇಳುತ್ತಾ ಬಂದಿದ್ದಾಳೆ. ಕೂರಲಿಲ್ಲ. ‘ಗೀರಿಲ್ಲ’ ಎಂದಳು. ಬಟ್ಟೆ ಒಗೆಯುವವಳು, ಅದೇ ಆ ಮೇಷ್ಟರ ತಾಯಿ, ಮನೆಯೊಳಗಿದ್ದಾಗಲೆಲ್ಲ ಅವಳ ತಾಯಿ ಅಲ್ಲಿ ಮುಳ್ಳೆತ್ತುತ್ತಿದ್ದಳಂತೆ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಇವಳು ಪೂರ್ತಿ ಕೇಳಿಬಿಟ್ಟಳಂತೆ, ಅಂದಿನಿಂದ ತಾನೂ ಎತ್ತುತ್ತಾಳೆ. ಆಮೇಲೆ ನೆಲ ನೋಡುತ್ತಾ ಆ ಸಾಲು ಹೇಳಿದಳು ಅಪ್ಪಾ: ‘ಹೆಂಗಸರನ್ನೂ ಕೂಸುಗಳನ್ನೂ ಮರಳಿಗೆ ಅಟ್ಟಿದೆವು, ನೀರು ಕೇಳಿದರೆ ಮರಳು ಕುಡಿಯಲಿ.’

ನಿನ್ನ ಅಜ್ಜ ಏನನ್ನೂ ಮರೆತಿರಲಿಲ್ಲ. ಅವರ ಮಿಕ್ಕ ಸಾಲುಗಳನ್ನೆಲ್ಲ ಅಳಿಸಿ ಅಲ್ಲಿ ನಮ್ಮ ದನಗಳನ್ನು ಮೇಯಿಸಿದ. ಆ ಒಂದು ಸಾಲಿನ ಮೇಲೆ ಮಾತ್ರ ಏನನ್ನೂ ಇಡಲಿಲ್ಲ. ತಲೆ ತಗ್ಗಿಸಿ ಮರಳು ನೋಡಿ ಎಂದ, ಅಷ್ಟೇ. ವೆಮುನಾ, ಅಳು ಬಂದರೆ ಅತ್ತು ಮುಗಿಸಿ ಮುಂದೆ ಓದು, ನಾನೂ ಅತ್ತೇ ಬರೆಯುತ್ತಿದ್ದೇನೆ. ಅಪ್ಪಾ, ಮೊಳೆಯಿಂದ ಟೋಪಿ ಇಳಿಸು. ಸಮವಸ್ತ್ರದ ಗುಂಡಿ ನಾನು ಬಂದು ಹೊಲಿಯುತ್ತೇನೆ. ಕವೆಜೆರಿಗೆ ಹೇಳು, ಸೀಟಿ ಜೇಬಿನಲ್ಲೇ ಇರಲಿ. ಯಾರು ಬೇಕಾದರೂ ನಗಲಿ, ಆ ಜಾಗ ತುಂಬುವುದು ಬೇಡ. ಅಲ್ಲಿ ನಿನ್ನ ಅಜ್ಜನ ತಾಯಿ ಇದ್ದಾಳೆ.